ದುಬಾರಿ ಆಯಿಲ್ ಹಾಕಿ ಫಿಲ್ಟರಿನಲ್ಲಿ ಉಳಿಸಲು ಹೋದೆ

ನನ್ನ ಡೀಸೆಲ್ ಎಸ್‌ಯುವಿಗೆ ಈಗ ಎಂಟು ವರ್ಷ. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಹೇಳಿದರೆ ಮಾತು ಆಯಿಲ್ ಬಿಟ್ಟು ಗಾಡಿ ಜಗಳಕ್ಕೆ ತಿರುಗುತ್ತದೆ. ಹಳೇ ಹೊಗೆ ನಿಯಮದ ಬಿಎಸ್4 ಗಾಡಿ, ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇಲ್ಲ. ವಾರಂಟಿ ಮುಗಿದಾಗಿನಿಂದ ಆಯಿಲ್ ನಾನೇ ಬದಲಿಸುತ್ತೇನೆ. ಶಿರಸಿ ಪೇಟೆ, ತೋಟ, ಆಗಾಗ ದೇವಿಮನೆ ಘಟ್ಟ ಇಳಿದು ಕುಮಟಾ. ವರ್ಷಕ್ಕೆ ಏಳೆಂಟು ಸಾವಿರ ಕಿ.ಮೀ. ದಾಟುವುದಿಲ್ಲ. ಆದರೂ ವರ್ಷ ತುಂಬಿದ ಕೂಡಲೇ, ಮಳೆಗಾಲ ಮುಗಿಸಿಕೊಂಡು, ಬದಲಿಸಿಬಿಡುತ್ತೇನೆ.

ಮ್ಯಾನ್ಯುಯಲ್‌ನಲ್ಲಿ ಹೇಳಿದ್ದು 5ಡಬ್ಲ್ಯೂ-30 ಸಿಂಥೆಟಿಕ್. ಆ ನಂಬರ್ ಆಯಿಲ್ ಗ್ರೇಡ್, ಅದು ಎಷ್ಟು ತೆಳು, ಎಷ್ಟು ಮಂದ ಅನ್ನುವ ಲೆಕ್ಕ. ಇಷ್ಟು ವರ್ಷದಲ್ಲಿ ಮೂರು ಬ್ರ್ಯಾಂಡ್ ಹಾಕಿ ನೋಡಿದೆ. ನಿಜ ಹೇಳಬೇಕೆಂದರೆ ಒಂದಕ್ಕೂ ಇನ್ನೊಂದಕ್ಕೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹೊಸ ಆಯಿಲ್ ಒಂದೇ ವಾರಕ್ಕೆ ಕಪ್ಪಾಯಿತು ಅಂತ ಮೊದಲ ಸಲ ಗಾಬರಿಯಾಗಿದ್ದೆ. ಡೀಸೆಲ್ ಎಂಜಿನ್‌ನಲ್ಲಿ ಅದು ಮಾಮೂಲು. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೂ ಆಯಿಲ್‌ನ ಕೆಲಸವೇ.

ಎರಡು ವರ್ಷದ ಹಿಂದೆ ಹೊಸ ಹುಕಿ ಬಂತು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿ ಆಯಿಲ್ ಕ್ಯಾನ್ ಎತ್ತಿಕೊಂಡೆ. ಬಿಲ್ ನೋಡಿ ಹೊಟ್ಟೆ ಉರಿಯಿತು. ಆಯಿಲ್ ಫಿಲ್ಟರ್ ಕೇಳಿದಾಗ ಅಂಗಡಿಯವನು ಎರಡು ಇಟ್ಟ. ಕಂಪನಿಯದು 420 ರೂಪಾಯಿ, ಇನ್ನೊಂದು 160. "ಥ್ರೆಡ್ ಕೂತರೆ ಸಾಕು ಸಾರ್" ಅಂದ. ಕೂತಿತು ಕೂಡ. 260 ರೂಪಾಯಿ ಉಳಿಸಿದ ಖುಷಿಯಲ್ಲಿ ಮನೆಗೆ ಬಂದೆ.

ಎರಡು ವಾರ ಕಳೆದಿರಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಕಟಕಟ ಸದ್ದು. ಮೂರ್ನಾಲ್ಕು ಸೆಕೆಂಡು, ಆಮೇಲೆ ತಣ್ಣಗೆ. ದಿನಾ ಅದೇ ಕಥೆ. ಅಡುಗೆಮನೆಯಿಂದ ಅಮ್ಮ, "ಗಾಡಿಗೆ ಕೆಮ್ಮು ಬಂದಿದೆ ನೋಡು" ಅನ್ನುತ್ತಿದ್ದರು. ನಾನು ಬೈದದ್ದು ಆಯಿಲ್‌ಗೆ. ಅಷ್ಟು ದುಡ್ಡು ಕೊಟ್ಟಿದ್ದು ಅದಕ್ಕೇ ಅಲ್ವಾ!

ಮೆಕ್ಯಾನಿಕ್ ಕೇಳಿ ನಕ್ಕರು. "ತೆಳ್ಳಗಾಯ್ತು ಸಾರ್, 15ಡಬ್ಲ್ಯೂ-40 ಹಾಕಿ." ಹಾಕಿಯೇ ಬಿಡುತ್ತಿದ್ದೆ. ಆದರೆ ಆ ನಂಬರಿನಲ್ಲಿ ಡಬ್ಲ್ಯೂ ಅಂದರೆ ವಿಂಟರ್, ಚಳಿಯ ಲೆಕ್ಕ. 5ಡಬ್ಲ್ಯೂ ಆಯಿಲ್‌ಗೆ ಮೈನಸ್ 30 ಡಿಗ್ರಿಯಲ್ಲಿ ಕ್ರ್ಯಾಂಕಿಂಗ್ ಪರೀಕ್ಷೆ (ಸ್ಟಾರ್ಟ್ ಮಾಡುವಾಗ ಎಂಜಿನ್ ತಿರುಗಲು ಬಿಡುತ್ತದಾ ಅಂತ), 15ಡಬ್ಲ್ಯೂಗೆ ಮೈನಸ್ 20ರಲ್ಲಿ. ನಮ್ಮ ಶಿರಸಿಯ ಡಿಸೆಂಬರ್ ಚಳಿಗೆ ಒಂದು ಕಂಬಳಿ ಸಾಕು. ಅದೂ ಅಲ್ಲದೆ ತಣ್ಣಗಿರುವಾಗ ಇನ್ನೂ ಮಂದ ಆಯಿಲ್ ಹಾಕಿದರೆ ಅದು ಮೇಲೆ ಏರುವುದು ಇನ್ನೂ ನಿಧಾನ. ಲೆಕ್ಕ ಎಲ್ಲೋ ತಪ್ಪುತ್ತಿತ್ತು.

ಇನ್ನೊಂದು ವಿಷಯ ತಲೆ ಕೊರೆಯುತ್ತಿತ್ತು. ಪೇಟೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ ತೆಗೆದರೆ ಸದ್ದಿಲ್ಲ. ರಾತ್ರಿಯಿಡೀ ನಿಂತರೆ ಮಾತ್ರ. ನನ್ನ ಎಂಜಿನ್‌ನಲ್ಲಿ ಫಿಲ್ಟರ್ ಅಡ್ಡ ಮಲಗಿದೆ. ಎಂಜಿನ್ ನಿಂತ ಮೇಲೆ ಆಯಿಲ್ ವಾಪಸ್ ಸೋರಿಹೋಗದಂತೆ ಅದರೊಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಅದು ಸರಿಯಾಗಿ ಮುಚ್ಚದಿದ್ದರೆ ಬೆಳಗಾಗುವಷ್ಟರಲ್ಲಿ ಫಿಲ್ಟರ್ ಖಾಲಿ. ಪಂಪು ಅದನ್ನು ಮತ್ತೆ ತುಂಬಿಸುವವರೆಗೆ ಮೇಲಿನ ಭಾಗಗಳಿಗೆ ಆಯಿಲ್ ಒತ್ತಡ ಇಲ್ಲ. ಕಟಕಟ ಅದೇ.

ಆಯಿಲ್ ಹಾಗೇ ಬಿಟ್ಟು ಫಿಲ್ಟರ್ ಒಂದನ್ನೇ ಬದಲಿಸಿದೆ. ಈ ಕೆಲಸ ನನಗೆ ತುಂಬ ಇಷ್ಟ. ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಬೇಕು. ಹಳೇ ರಿಂಗ್ ಎಂಜಿನ್‌ಗೇ ಅಂಟಿಕೊಂಡಿದೆಯಾ ಅಂತ ಟಾರ್ಚ್ ಬಿಟ್ಟು ನೋಡಬೇಕು. ಅದರ ಮೇಲೇ ಹೊಸದು ಕೂರಿಸಿದರೆ ಅಂಗಳದ ತುಂಬ ಆಯಿಲ್. ರಿಂಗ್ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತು, ಬರೀ ಕೈಯಲ್ಲಿ. ಸ್ಪ್ಯಾನರ್ ಬೇಡ. ಸೋರಿದಷ್ಟನ್ನು ಮೇಲಿಂದ ತುಂಬಿಸಿ ಡಿಪ್‌ಸ್ಟಿಕ್ಕನ್ನು ಹಳೇ ಬನಿಯನ್ನಿನಲ್ಲಿ ಒರೆಸಿ ನೋಡಿದೆ. ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅಮ್ಮ ಏನೂ ಹೇಳಲಿಲ್ಲ.

ಸುಮ್ನೆ ಕುತೂಹಲಕ್ಕೆ 160ರ ಫಿಲ್ಟರನ್ನು ಹ್ಯಾಕ್ಸಾದಲ್ಲಿ ಕೊಯ್ದೆ. ಕಾಗದದ ಮಡಿಕೆಗಳು ಕಂಪನಿಯದರ ಅರ್ಧದಷ್ಟೂ ಇರಲಿಲ್ಲ. ವಾಲ್ವಿನ ರಬ್ಬರ್ ಒಣಗಿದ ಅಡಿಕೆ ಸಿಪ್ಪೆಯಂತೆ ಗಟ್ಟಿಯಾಗಿತ್ತು.

ಪಾಪ, ಆಯಿಲ್ ಮೇಲೆ ನನಗೆ ಈಗ ಸಿಟ್ಟಿಲ್ಲ. ಆದರೆ ಆ ದುಬಾರಿ ಕ್ಯಾನ್ ಮತ್ತೆ ತರಲಿಲ್ಲ. ಮ್ಯಾನ್ಯುಯಲ್ ಹೇಳಿದ ಗ್ರೇಡ್ ಇರುವ ಸಾಧಾರಣ ಬೆಲೆಯದು ನನ್ನ ಓಡಾಟಕ್ಕೆ ಜಾಸ್ತಿಯೇ ಆಯಿತು. ಬಿಎಸ್6 ಡೀಸೆಲ್ ಇರುವವರು ಮಾತ್ರ ನನ್ನ ಹಾಗೆ ಗ್ರೇಡ್ ಒಂದನ್ನೇ ನೋಡಬೇಡಿ. ಡಿಪಿಎಫ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಮಸಿಯನ್ನು ಡಿಪಿಎಫ್ ಸುಟ್ಟುಕೊಳ್ಳುತ್ತದೆ, ಬೂದಿ ಅಲ್ಲೇ ಕೂರುತ್ತದೆ. ಕ್ಯಾನ್ ಹಿಂದೆ ಎಸಿಇಎ ಸಿ2, ಸಿ3 ಅಂತ ಯುರೋಪಿನ ಕಾರು ತಯಾರಕರ ಸಂಘದ ದರ್ಜೆ ಬರೆದಿರುತ್ತದೆ. ನಿಮ್ಮ ಮ್ಯಾನ್ಯುಯಲ್ ಯಾವುದನ್ನು ಕೇಳುತ್ತದೋ ಅದು.

ಕಪಾಟಿನಲ್ಲಿ ಹಪ್ಪಳದ ಡಬ್ಬಿ ಪಕ್ಕ ಕಂಪನಿ ಫಿಲ್ಟರ್ ಎರಡು ಇಟ್ಟಿದ್ದೇನೆ. ಮೊನ್ನೆ ಬಂದಿದ್ದ ಭಾವ ಒಂದು ಕೊಡು ಅಂದರು. ಅವರ ಗಾಡಿಗೆ ಅದು ಕೂರುವುದೇ ಇಲ್ಲ.