ನಿಧಾನವಾಗಿ ಬೇಯುವ ಮಾಂಸದ ಕರಿ: ಪ್ರೆಶರ್ ಕುಕ್ಕರೋ, ಸ್ಲೋ ಕುಕ್ಕರೋ, ದಪ್ಪ ತಳದ ಪಾತ್ರೆಯೋ?

ಮಾಂಸ ಮೆತ್ತಗಾದರೆ ಸಾಕು ಅನ್ನುವವರಿಗೆ ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಅದೇ ಮಸಾಲೆ, ಅದೇ ಭುಜದ ಭಾಗದ ಮಟನ್ ಇಟ್ಟುಕೊಂಡು ಮೂರರಲ್ಲೂ ಮಾಡಿ ನೋಡಿದ್ದೇನೆ. ಎಲ್ಲದರಲ್ಲೂ ತುಂಡು ಚೆನ್ನಾಗಿಯೇ ಬೆಂದಿತು. ಬೇರೆಯಾಗಿದ್ದು ಗ್ರೇವಿ. ಹಾಗಾಗಿ ನಾನು ಅಳೆಯುವುದು ಗ್ರೇವಿಯಿಂದಲೇ.

ಮೊದಲು ಪ್ರೆಶರ್ ಕುಕ್ಕರ್. ಒತ್ತಡದಿಂದಾಗಿ ಒಳಗಿನ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಮಾಂಸವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜೆನ್ ಬೇಗ ಕರಗಿ ಜೆಲಾಟಿನ್ ಆಗುತ್ತದೆ. ಎರಡು ಮೂರು ಗಂಟೆಯ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಮುಚ್ಚಳ ತೆಗೆದು ನೋಡುವ ಹಾಗಿಲ್ಲ. ಸ್ವಲ್ಪ ಜಾಸ್ತಿಯಾದರೂ ಮಾಂಸ ಎಲುಬು ಬಿಟ್ಟು ಎಳೆ ಎಳೆಯಾಗುತ್ತದೆ. ಗ್ರೇವಿಯೂ ನೀರಾಗಿರುತ್ತದೆ, ಆಮೇಲೆ ಮುಚ್ಚಳ ತೆಗೆದು ಕುದಿಸಿ ಗಟ್ಟಿ ಮಾಡಬೇಕು. ಹಬೆಯನ್ನು ಒಮ್ಮೆಲೇ ಬಿಡಬೇಡಿ, ತಾನಾಗಿ ಇಳಿಯಲಿ. ಒಮ್ಮೆಲೇ ಬಿಟ್ಟರೆ ಒಳಗಿನ ರಸ ಜೋರಾಗಿ ಕುದಿದು ತುಂಡುಗಳು ಒಡೆಯುತ್ತವೆ.

ಸ್ಲೋ ಕುಕ್ಕರ್‌ನ ದೊಡ್ಡ ಗುಣ, ಪಕ್ಕದಲ್ಲಿ ನಿಲ್ಲಬೇಕಿಲ್ಲ. ಇದು ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ. ಲೋ ಇಟ್ಟರೆ ಏಳೆಂಟು ಗಂಟೆ, ಹೈ ಇಟ್ಟರೆ ಸುಮಾರು ಅದರ ಅರ್ಧ. ಕಾಲಿನ ತುಂಡು, ಎಲುಬಿನ ಸೂಪು ಇದರಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಕರಿಗೆ ಮಾತ್ರ ಒಂದು ತೊಂದರೆ ಇದೆ. ಹಬೆ ಹೊರಗೆ ಹೋಗುವುದೇ ಕಡಿಮೆ. ಮುಚ್ಚಳಕ್ಕೆ ತಗುಲಿ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಮಾಂಸ, ಈರುಳ್ಳಿ, ಟೊಮೆಟೊ ಎಲ್ಲವೂ ನೀರು ಬಿಡುತ್ತವೆ. ಮಾಮೂಲಿ ಅಳತೆಯ ಅರ್ಧದಷ್ಟು ನೀರು ಹಾಕಿದರೂ ಸಾಕಾಗುತ್ತದೆ. ಮಾಂಸ, ಈರುಳ್ಳಿ, ಮಸಾಲೆಯನ್ನು ಮೊದಲೇ ಬಾಣಲೆಯಲ್ಲಿ ಹುರಿಯದಿದ್ದರೆ ರುಚಿ ಸಪ್ಪೆ, ಯಾಕೆಂದರೆ ಹುರಿದ ಬಣ್ಣ, ಘಮ ಬರುವಷ್ಟು ಬಿಸಿ ಇದರಲ್ಲಿ ಇಲ್ಲ. ಫ್ರೀಜರ್‌ನಿಂದ ತೆಗೆದ ಮಾಂಸವನ್ನು ಹಾಗೇ ಹಾಕಬೇಡಿ, ಬಿಸಿಯಾಗಲು ತುಂಬಾ ಹೊತ್ತು ಹಿಡಿದು ಕೆಡುವ ಅಪಾಯ ಇರುತ್ತದೆ. ಸುಮ್ನೆ ಸುಮ್ನೆ ಮುಚ್ಚಳ ತೆಗೆಯುವುದೂ ಬೇಡ. ಹೋದ ಬಿಸಿ ಮತ್ತೆ ಬರಲು ಕಾಲು ಗಂಟೆಗೂ ಹೆಚ್ಚು ಬೇಕು. ಮೊಸರು, ಕ್ರೀಮ್ ಏನಿದ್ದರೂ ಕೊನೆಗೆ.

ಓವನ್ ಇರುವವರು ಗಟ್ಟಿ ಮುಚ್ಚಳದ ಪಾತ್ರೆಯನ್ನು 150 ಡಿಗ್ರಿಯಲ್ಲಿ ಇಟ್ಟರೂ ಒಳ್ಳೆಯದೇ. ಸುತ್ತಲೂ ಒಂದೇ ಸಮ ಬಿಸಿ, ತಳ ಹಿಡಿಯುವುದು ಕಡಿಮೆ.

ನನಗೆ ಇಷ್ಟವಾದದ್ದು ದಪ್ಪ ತಳದ ಪಾತ್ರೆ, ಸಣ್ಣ ಉರಿ. ಈರುಳ್ಳಿ ಹುರಿದ ಪಾತ್ರೆಯಲ್ಲೇ ಮಾಂಸವೂ ಬೇಯುತ್ತದೆ. ತಳದಲ್ಲಿ ಅಂಟಿದ ಕಂದು ಪದರ ನೀರು ಬಿದ್ದಾಗ ಬಿಟ್ಟುಕೊಂಡು ಗ್ರೇವಿಗೆ ಸೇರುತ್ತದೆ. ಆ ರುಚಿ ಬೇರೆ ಎರಡರಲ್ಲೂ ಇಷ್ಟು ಸಲೀಸಾಗಿ ಸಿಗಲಿಲ್ಲ. ಉರಿ ಎಷ್ಟಿರಬೇಕು ಅಂದ್ರೆ, ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು, ಕೊತಕೊತ ಕುದಿಯಬಾರದು. ಕೊನೆಯ ಅರ್ಧ ಗಂಟೆ ಮುಚ್ಚಳ ಓರೆ ಮಾಡಿ. ನೀರು ಇಂಗುತ್ತಾ ಅಂಚಿನಲ್ಲಿ ಎಣ್ಣೆ ಬಿಡುತ್ತದೆ, ಸೌಟಿನ ಬೆನ್ನಿಗೆ ಗ್ರೇವಿ ಅಂಟಿಕೊಳ್ಳುತ್ತದೆ. ಆಗ ಇಳಿಸಬಹುದು. ಆಗಾಗ ತಿರುವುವ ಕೆಲಸ ಇದ್ದೇ ಇದೆ, ಆದರೆ ತಿರುವುವಾಗಲೆಲ್ಲ ಉಪ್ಪು, ಖಾರ ನೋಡಬಹುದು ಅಲ್ವಾ?

ಹೊರಗೆ ಹೋಗುವ ದಿನ ಸ್ಲೋ ಕುಕ್ಕರ್, ಆತುರವಿದ್ದಾಗ ಪ್ರೆಶರ್ ಕುಕ್ಕರ್, ಬಿಡುವಿದ್ದರೆ ಪಾತ್ರೆ. ಎಲುಬಿಲ್ಲದ ಕೋಳಿ ಎದೆ ಮಾಂಸಕ್ಕೆ ಮಾತ್ರ ಈ ಮೂರೂ ಬೇಡ. ಅದರಲ್ಲಿ ಕರಗಬೇಕಾದ ಕೊಲಾಜೆನ್ ಹೆಚ್ಚಿಲ್ಲ, ಹೊತ್ತು ಹೆಚ್ಚಾದಷ್ಟೂ ಒಣಗುತ್ತದೆ.