ಸ್ಪೋರ್ ಕಿಟ್: ಕಾರ್ಡಿಗೆ ಪೂರ್ತಿ ಅಂಕ, ಹರಳಿಗೆ ಸೊನ್ನೆ

ಹಿತ್ತಲ ಕೊಟ್ಟಿಗೆಯಲ್ಲಿ ಭತ್ತದ ಹುಲ್ಲಿನ ಮೇಲೆ ಆರೇಳು ಚೀಲ ಚಿಪ್ಪಣಬೆ ಬೆಳೆಯುತ್ತೇನೆ. ಅಣಬೆಯ ಸ್ಪೋರ್ (ಹೊಸ ಅಣಬೆ ಹುಟ್ಟಿಸುವ, ಪುಡಿಯಂಥ ಕಣ) ಹಿಡಿದಿಡುವ ಕಿಟ್ ಆನ್‌ಲೈನಲ್ಲಿ ಕಂಡಿದ್ದೇ ತಡ, 649 ರೂಪಾಯಿ ಕೊಟ್ಟು ತರಿಸಿದೆ. ಅರ್ಧ ಕಪ್ಪು ಅರ್ಧ ಬಿಳಿಯ ಹತ್ತು ಕಾರ್ಡ್, ಫಾಯಿಲ್ ತುಂಡು, ಚಿಮಟ, ಭೂತಗನ್ನಡಿ, ಜಿಪ್ ಕವರ್, ತೇವ ಹೀರುವ ಸಿಲಿಕಾ ಹರಳು ಎರಡು ಪೊಟ್ಟಣ. ಅತ್ತೆ ಇಣುಕಿ ನೋಡಿ, ‘ಇಷ್ಟಕ್ಕೇನಾ?’ ಅಂದರು.

ಕಾರ್ಡ್ ಮಾತ್ರ ಚೆಂದ. ಸಂಜೆ ಬಲಿತ ಅಣಬೆಯ ತೊಟ್ಟು ಕತ್ತರಿಸಿ, ಪದರ ಕೆಳಗೆ ಮಾಡಿ ಕಾರ್ಡಿನ ನಡುಗೆರೆ ಮೇಲಿಟ್ಟು ಲೋಟ ಕವುಚಿದೆ. ಬೆಳಿಗ್ಗೆ ಎತ್ತಿದರೆ ಕಪ್ಪಿನ ಮೇಲೆ ಉದುರಿದ ಸ್ಪೋರಿನ ಅಚ್ಚು, ಬೀಸಣಿಗೆ ಕಡ್ಡಿಯ ಹಾಗೆ ಬಿಳಿ ಗೆರೆ, ರಂಗೋಲಿ ಪುಡಿಗಿಂತ ನಯ. ಬಿಳಿ ಕಡೆ ಏನೂ ಕಾಣದು. ಅಂಗಳದ ಹುಲ್ಲಲ್ಲಿ ಎದ್ದಿದ್ದ ದಪ್ಪ ಬಿಳಿ ಅಣಬೆಯದೂ ತೆಗೆದೆ, ಹಸಿರು ಅಚ್ಚು ಬಿತ್ತು! ಕ್ಲೋರೋಫಿಲಮ್, ತಿಂದರೆ ವಾಂತಿ ಭೇದಿ. ಹಾಗಂತ ಬಿಳಿ ಅಚ್ಚಿನದೆಲ್ಲ ತಿನ್ನುವಂಥದ್ದಲ್ಲ, ಜೀವ ತೆಗೆಯುವ ಅಮಾನಿಟಾದ್ದೂ ಬಿಳಿಯೇ.

ಇನ್ನು ಹರಳು. ಒಣಗಿದ್ದರೆ ನೀಲಿ, ತೇವ ಕುಡಿದರೆ ಗುಲಾಬಿ. ನನಗೆ ಬಂದಿದ್ದು ಬರುವಾಗಲೇ ಗುಲಾಬಿ. ಗಮನಿಸದೆ ಮೊದಲ ಮೂರು ಅಚ್ಚು ಮಡಚಿ ಅದರ ಜೊತೆ ಕವರಿಗೆ ಹಾಕಿದೆ. ತೀರ್ಥಹಳ್ಳಿಯ ಆಷಾಢ ಬೇರೆ, ವಾರ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದಿತ್ತು. ಆಮೇಲೆ ಹರಳನ್ನು ಹೊರಗಿನ ಒಲೆಯಲ್ಲಿ, ಗುಜರಿಗೆ ಎತ್ತಿಟ್ಟಿದ್ದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದೆ. ಆ ನೀಲಿ ಕೋಬಾಲ್ಟಿನದು, ಅಡುಗೆ ಪಾತ್ರೆಗೆ ಸೋಕಿಸಬೇಡಿ. ಬಣ್ಣ ತಿರುಗಿತು. ಹೊಸ ಅಚ್ಚನ್ನು ಒಂದು ದಿನ ಹರಳಿನ ಡಬ್ಬಿಯಲ್ಲಿ ಒಣಗಿಸಿ, ಫಾಯಿಲಲ್ಲಿ ಮಡಚಿ, ತಾರೀಖು ಬರೆದು ಫ್ರಿಜ್ಜಿನಲ್ಲಿಟ್ಟೆ. ಎರಡು ತಿಂಗಳಾಯ್ತು, ಬೂಷ್ಟಿಲ್ಲ.

ಭೂತಗನ್ನಡಿಯ ಮೇಲೆ ‘ಸ್ಪೋರ್ ನೋಡಿ’ ಎಂದಿದೆ. ಒಂದು ಸ್ಪೋರ್ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು, ಹತ್ತು ಪಟ್ಟಿನ ಗಾಜಿಗೆ ಎಲ್ಲಿ ಸಿಕ್ಕೀತು? ಅದಕ್ಕೆ 400 ಪಟ್ಟಿನ ಮೈಕ್ರೋಸ್ಕೋಪೇ ಬೇಕು. ‘ಇನ್ನು ಬೀಜ ಕೊಳ್ಳುವ ಖರ್ಚಿಲ್ಲ’ ಅಂತ ಕಿಟ್‌ನವರು ಅನ್ನೋದಂತೂ ಬರೀ ಬುರುಡೆ. ಸ್ಪೋರಿನಿಂದ ಬೆಳೆಸೋದು ಮಾವಿನ ಗೊರಟೆ ನೆಟ್ಟ ಹಾಗೆ, ತಾಯಿಯ ಗುಣವೇ ಬರುತ್ತೆ ಅನ್ನೋ ಖಾತ್ರಿಯಿಲ್ಲ. ಬೆಳೆಗೆ ನಾನು ಈಗಲೂ ಸ್ಪಾನ್, ಅಂದರೆ ಅಣಬೆ ಬೀಜದ ಪ್ಯಾಕೆಟ್ಟೇ ತರೋದು.

ಮಾರಿದವರಿಗೆ ಹರಳಿನ ಫೋಟೊ ಕಳಿಸಿದ್ದೆ. ‘ಮೇಡಂ, ಪಿಂಕ್ ನಮ್ಮ ಹೊಸ ಕಲರ್’ ಅಂತ ಉತ್ತರ ಬಂತು. ಐದಕ್ಕೆ ಎರಡು ಸ್ಟಾರ್, ಎರಡೂ ಕಾರ್ಡಿಗೆ.