ಚೆಕ್ ಪ್ರಕರಣ, ಲೋಕ ಅದಾಲತ್, ದಾವೆ: ಕೆಲಸದ ಬಾಕಿ ವಸೂಲಿಯಲ್ಲಿ ನಾನು ಕಂಡದ್ದು

ಮೈಸೂರಿನಲ್ಲಿ ಮನೆ ದುರಸ್ತಿಯ ಗುತ್ತಿಗೆ ಹಿಡಿಯುವ ನಮ್ಮಂಥವರಿಗೆ ಹಣ ನಿಲ್ಲುವುದು ಹೆಚ್ಚಾಗಿ ಕೊನೆಯ ಕಂತಿನಲ್ಲಿ. ಅಷ್ಟರೊಳಗೆ ಗಾರೆಯವರ ಬಟವಾಡೆ ಮುಗಿದಿರುತ್ತದೆ, ಸಿಮೆಂಟ್ ಅಂಗಡಿಯ ಸಾಲ ನಮ್ಮ ಹೆಸರಿನಲ್ಲಿ ಉಳಿದಿರುತ್ತದೆ. ಹೀಗೆ ನಿಂತ ಮೂರು ಬಾಕಿಗಳಿಗೆ ನಾನು ಮೂರು ಬೇರೆ ಬೇರೆ ದಾರಿ ಹಿಡಿದೆ.

ಕುವೆಂಪುನಗರದ ಮನೆಯೊಂದರ ತಾರಸಿ ಸೋರಿಕೆ ಸರಿಪಡಿಸಿದ್ದಕ್ಕೆ ಬಂದ 85,000 ರೂಪಾಯಿಯ ಚೆಕ್, ಖಾತೆಯಲ್ಲಿ ಹಣವಿಲ್ಲದೆ ಮರಳಿತು. ಚೆಕ್ಕಿನಂಥ ಪಾವತಿ ಪತ್ರಗಳಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಬ್ಯಾಂಕಿನ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಕೊಡಬೇಕು. ಅದು ತಲುಪಿದ ಮೇಲೆ 15 ದಿನ ಕಾದು, ಆನಂತರದ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. ಚೆಕ್ಕನ್ನು ಸಾಲ ತೀರಿಸಲೆಂದೇ ಕೊಟ್ಟದ್ದೆಂದು ನ್ಯಾಯಾಲಯ ಮೊದಲು ಭಾವಿಸುವುದರಿಂದ ಅಲ್ಲವೆಂದು ತೋರಿಸುವ ಹೊರೆ ಕೊಟ್ಟವರ ಮೇಲಿರುತ್ತದೆ. ಇದು ನಮಗೆ ದೊಡ್ಡ ಬಲ. ವಿಚಾರಣೆ ನಡೆಯುವಾಗಲೇ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಲು 2018ರ ತಿದ್ದುಪಡಿ ಅವಕಾಶ ಮಾಡಿದೆ. ಅದಕ್ಕೆ ಅರ್ಜಿ ಹಾಕಿದ ಮೇಲೆ ಮಾಲೀಕರು ಕಂತುಗಳಲ್ಲಿ ಹಣ ಕಟ್ಟಿದರು.

ಸರಸ್ವತಿಪುರಂನ ಸ್ನಾನಗೃಹದ ಕೆಲಸದಲ್ಲಿ ಮಾಲೀಕರ ಆಕ್ಷೇಪಣೆಯಲ್ಲಿ ಹುರುಳಿತ್ತು: ಕೆಲವು ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಬಾಕಿ 46,000 ರೂಪಾಯಿ. ರಾಜಿ ಮಾಡಿಸುವ ಲೋಕ ಅದಾಲತ್ ನಡೆಸುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ದಾವೆ ಹೂಡುವ ಮೊದಲೇ ಕೊಡುವ ದಾವೆ ಪೂರ್ವ ಅರ್ಜಿ ಕೊಟ್ಟೆ, ನ್ಯಾಯಾಲಯ ಶುಲ್ಕವಿರಲಿಲ್ಲ. ಒಂಬತ್ತು ಟೈಲ್ಸ್ ಕಿತ್ತು ಮತ್ತೆ ಹಾಕಿಕೊಡಲು ನಾನು, 40,000 ಕೊಡಲು ಅವರು ಒಪ್ಪಿದೆವು. ಲೋಕ ಅದಾಲತ್ತಿನ ಆದೇಶಕ್ಕೆ ಡಿಕ್ರಿಯ, ಎಂದರೆ ಸಿವಿಲ್ ನ್ಯಾಯಾಲಯದ ತೀರ್ಪಿನ ಆದೇಶದ, ಬೆಲೆಯಿದೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಗುಣಮಟ್ಟದ ಜಗಳಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಆದರೆ ಎದುರಿನವರು ಒಪ್ಪದಿದ್ದರೆ ಅಲ್ಲಿ ಏನೂ ಇತ್ಯರ್ಥವಾಗುವುದಿಲ್ಲ.

ವಿಜಯನಗರದ ಬಾಕಿಗೆ ಚೆಕ್ಕೂ ಇರಲಿಲ್ಲ, ಮಾಲೀಕರು ಮಾತುಕತೆಗೂ ಬರಲಿಲ್ಲ. ಮೊದಲು ಪೊಲೀಸ್ ಠಾಣೆಗೆ ಹೋದೆ, ಅದು ಸಿವಿಲ್ ವ್ಯಾಜ್ಯವೆಂದರು. ಆರಂಭದಿಂದಲೇ ಮೋಸದ ಉದ್ದೇಶವಿದ್ದುದನ್ನು ತೋರಿಸದೆ ವಂಚನೆಯ ಪ್ರಕರಣ ನಿಲ್ಲದು. ಗ್ರಾಹಕರ ಆಯೋಗವೂ ನಮಗಲ್ಲ, ಅಲ್ಲಿ ದೂರುವ ಹಕ್ಕು ಕೆಲಸ ಮಾಡಿಸಿಕೊಂಡವರದು. ಉಳಿದದ್ದು ಹಣ ವಸೂಲಿಯ ದಾವೆ. ಪಾವತಿಯ ದಿನ ಗೊತ್ತುಮಾಡಿರದಿದ್ದರೆ ಕೆಲಸ ಮುಗಿದಂದಿನಿಂದ ಮೂರು ವರ್ಷದೊಳಗೆ ಅದನ್ನು ಹೂಡಬೇಕು. ‘ಮುಂದಿನ ತಿಂಗಳು ಕೊಡುತ್ತೇನೆ’ ಎಂಬ ಬಾಯಿಮಾತಿನಿಂದ ಆ ಅವಧಿ ಬೆಳೆಯುವುದಿಲ್ಲ, ಅವಧಿ ಮುಗಿಯುವ ಮುನ್ನವೇ ಸಹಿ ಹಾಕಿದ ಒಪ್ಪಿಗೆ ಸಿಕ್ಕರೆ ಬೆಳೆಯುತ್ತದೆ. ಇದನ್ನು ತಿಳಿಯದೆ ನಾನು ಎರಡು ವರ್ಷ ಕಾದಿದ್ದೆ.

ಲಿಖಿತ ಕರಾರಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆ ಹೂಡಬಹುದಿತ್ತು. ಅದರಲ್ಲಿ ಪ್ರತಿವಾದಿ ನ್ಯಾಯಾಲಯದ ಅನುಮತಿ ಪಡೆಯದೆ ವಾದಿಸುವಂತಿಲ್ಲ. ನನ್ನ ಅಂದಾಜು ಪಟ್ಟಿಗೆ ಸಹಿಯೇ ಇರಲಿಲ್ಲವಾದ್ದರಿಂದ ಸಾಮಾನ್ಯ ದಾವೆಯೇ ಗತಿಯಾಯಿತು. ನ್ಯಾಯಾಲಯ ನೇಮಿಸಿದ ಕಮಿಷನರ್ ಬಂದು ಗೋಡೆಗಳನ್ನು ಅಳೆದದ್ದರಿಂದ ಕೆಲಸ ನಡೆದದ್ದು ರುಜುವಾತಾಯಿತು. ನಾಲ್ಕು ವರ್ಷಕ್ಕೆ ಡಿಕ್ರಿ ಸಿಕ್ಕಿತು. ಹಣ ಮಾತ್ರ ಇನ್ನೂ ಬಂದಿಲ್ಲ, ಡಿಕ್ರಿಯನ್ನು ಜಾರಿಗೊಳಿಸಲು ಹಾಕಿದ ಅಮಲ್ಜಾರಿ ಅರ್ಜಿ ಈಗ ವಿಚಾರಣೆಯಲ್ಲಿದೆ.